ಪರೀಕ್ಷೆಗಿಂತ ಮುಂಚೆ ಬಂದ ಸುದ್ದಿ

2020ರ ಏಪ್ರಿಲ್ ಕೊನೆಗೆ ಕೇಂದ್ರ ಆರೋಗ್ಯ ಇಲಾಖೆ ದೇಶದ ಜಿಲ್ಲೆಗಳಿಗೆಲ್ಲ ಬಣ್ಣ ಹಂಚಿದಾಗ ಹಾವೇರಿಗೆ ಸಿಕ್ಕಿದ್ದು ಹಸಿರು. ಆವರೆಗೆ ಇಡೀ ಜಿಲ್ಲೆಯಲ್ಲಿ ಒಂದೂ ಕೊರೊನಾ ಪ್ರಕರಣ ದಾಖಲಾಗಿರಲಿಲ್ಲ. ಆ ನೆಮ್ಮದಿ ಉಳಿದದ್ದು ನಾಲ್ಕೇ ದಿನ. ಮೇ 4ರಂದು ಸವಣೂರಿನಲ್ಲಿ ಮೊದಲ ಪ್ರಕರಣ ಹೊರಬಿತ್ತು. ಸೋಂಕು ತಗುಲಿದವರು ಮುಂಬೈಯಿಂದ ಊರಿಗೆ ಮರಳಿದ್ದರು.

ಆಗ ಜಿಲ್ಲೆಯಲ್ಲಿ ಆರ್‌ಟಿ-ಪಿಸಿಆರ್ ಪ್ರಯೋಗಾಲಯ ಇರಲಿಲ್ಲ. ಮೂಗು, ಗಂಟಲಿಗೆ ಹಾಕಿ ತೆಗೆದ ಕಡ್ಡಿಯನ್ನು ಗುಲಾಬಿ ದ್ರಾವಣದ ಸಣ್ಣ ಕೊಳವೆಯಲ್ಲಿ ಅದ್ದಿ, ಉಳಿದ ತುಂಡನ್ನು ಮುರಿದು, ಮುಚ್ಚಳ ಬಿಗಿಯುತ್ತಿದ್ದರು. ಕೊಳವೆಯ ಮೇಲೆ ಸಂಖ್ಯೆ ಬರೆದು, ಮೂರು ಪದರದ ಹೊದಿಕೆ ಹಾಕಿ, ತಂಪುಡಬ್ಬಿಯಲ್ಲಿಟ್ಟು ಹೊರಜಿಲ್ಲೆಗೆ ಕಳಿಸಬೇಕಿತ್ತು. ಫಲಿತಾಂಶ ಬರುವ ಹೊತ್ತಿಗೆ ಆ ಮನುಷ್ಯ ಎಷ್ಟು ಜನರ ಜೊತೆ ಕೂತು ಚಹಾ ಕುಡಿದಿರುತ್ತಾನೋ! ರಾಜ್ಯದ ಅನುಭವವೂ ಹೀಗೇ ಶುರುವಾಗಿತ್ತು. ದೇಶದ ಮೊದಲ ಕೊರೊನಾ ಸಾವು ಕಲಬುರಗಿಯವರದು. 76 ವರ್ಷದ ಆ ಹಿರಿಯರು ಮಾರ್ಚ್ 10ರಂದು ತೀರಿಕೊಂಡರು, ಅವರಿಗೆ ಸೋಂಕು ಇತ್ತೆಂಬುದು ಖಚಿತವಾದದ್ದು 12ರಂದು.

ಪರೀಕ್ಷೆ ಯಾವಾಗಲೂ ರೋಗದ ಹಿಂದಿನಿಂದ ನಡೆದು ಬರುತ್ತದೆ. ಅದಕ್ಕಿಂತ ಮುಂಚೆ ಬೇರೊಂದು ಸುದ್ದಿ ಬಂದಿರುತ್ತದೆ. ಅದು ಯಾರ ಬಾಯಲ್ಲಿ ಇರುತ್ತದೆ, ಯಾರ ಕಿವಿಗೆ ಬೀಳುತ್ತದೆ, ಬಿದ್ದ ಮೇಲೆ ಏನಾಗುತ್ತದೆ ಎಂಬುದಕ್ಕೆ ಹಾವೇರಿ ಜಿಲ್ಲೆಯ ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರ ತಾಲ್ಲೂಕುಗಳ ಸೀಮೆಯಲ್ಲಿ ನೂರಿಪ್ಪತ್ತು ವರ್ಷಗಳಿಗೂ ಹೆಚ್ಚಿನ ಚರಿತ್ರೆಯಿದೆ.

ಆ ಚರಿತ್ರೆ ಶುರುವಾಗುವುದೂ ಮುಂಬೈಯಿಂದಲೇ. 1896ರ ಸೆಪ್ಟೆಂಬರಿನಲ್ಲಿ ಮಾಂಡ್ವಿಯ ಗಲ್ಲಿಗಳಲ್ಲಿ ಡಾ. ಅಕಾಸಿಯೊ ವಿಯೇಗಸ್ ಪ್ಲೇಗನ್ನು ಗುರುತಿಸಿದರು. ರೈಲಿನ ಹಳಿ ಹಿಡಿದು ಅದು ಇಳಿಯುತ್ತ ಬಂತು. ಸದರ್ನ್ ಮರಾಠಾ ರೈಲ್ವೆಯ ಕಾರ್ಖಾನೆಯಿದ್ದ ಹುಬ್ಬಳ್ಳಿ 1898ರಲ್ಲಿ ಪ್ಲೇಗಿನ ಊರಾಯಿತು. ಈ ಸೀಮೆ ಸೇರಿದ್ದ ಅಂದಿನ ಧಾರವಾಡ ಜಿಲ್ಲೆಯ ನಕಾಶೆ ಇಂದಿನಂತಿರಲಿಲ್ಲ. ಹಾನಗಲ್ಲ ತಾಲ್ಲೂಕೇ. ಶಿಗ್ಗಾವಿ ಬಂಕಾಪುರ ತಾಲ್ಲೂಕಿನ ಕಚೇರಿ ಊರು, ಹಿರೇಕೆರೂರ ಕೋಡ ತಾಲ್ಲೂಕಿನದು. ಸವಣೂರು ಮಾತ್ರ ನವಾಬರ ಸಂಸ್ಥಾನ, 25 ಹಳ್ಳಿಗಳ ಪುಟ್ಟ ರಾಜ್ಯ. ಧಾರವಾಡದ ಕಲೆಕ್ಟರರೇ ಅದಕ್ಕೆ ಪೊಲಿಟಿಕಲ್ ಏಜೆಂಟರು.

ಪ್ಲೇಗಿನ ರೋಗಾಣುವನ್ನು ಅಲೆಕ್ಸಾಂಡರ್ ಯೆರ್ಸಿನ್ 1894ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಕಂಡುಹಿಡಿದಾಗಿತ್ತು. ಆದರೆ ಸೂಕ್ಷ್ಮದರ್ಶಕದಡಿ ಅದನ್ನು ನೋಡಿ ಹೇಳಬಲ್ಲವರು ದೊಡ್ಡ ಪಟ್ಟಣಗಳಲ್ಲಿ ಮಾತ್ರ ಇದ್ದರು. ಹಳ್ಳಿಗೆ ಇದ್ದ ಪರೀಕ್ಷೆ ಇಲಿ. ಹಗೇವಿನ ಬಳಿ, ಅಟ್ಟದ ಮೇಲೆ, ನಡುಮನೆಯಲ್ಲಿ ಇಲಿ ತೂರಾಡುತ್ತ ಬಂದು ಸತ್ತು ಬಿದ್ದರೆ ಜನ ಕಾಯುತ್ತ ಕೂರುತ್ತಿರಲಿಲ್ಲ. "ಇಲಿ ಬಿದ್ದಾವಂತ" ಎಂಬ ಮಾತು ಒಂದು ಓಣಿಯಿಂದ ಇನ್ನೊಂದು ಓಣಿಗೆ ಹೋಗುವಷ್ಟರಲ್ಲಿ ಜೋಳದ ಚೀಲ, ಹಾಸಿಗೆ, ಮಕ್ಕಳು, ದನಕರು ಎಲ್ಲ ಹೊಲದ ಕಡೆ ಹೊರಡುತ್ತಿದ್ದವು. ಊರಿಗೆ ಬೀಗ ಹಾಕಿ ಹೊಲದಲ್ಲಿ ಗುಡಿಸಲು ಕಟ್ಟಿ ತಿಂಗಳುಗಟ್ಟಲೆ ಇದ್ದ ನೆನಪುಗಳು ಉತ್ತರ ಕರ್ನಾಟಕದ ಹಳೆಯ ಮನೆತನಗಳಲ್ಲಿ ಅಜ್ಜ ಅಜ್ಜಿಯರ ಬಾಯಿಂದ ಮೊಮ್ಮಕ್ಕಳಿಗೆ ಇಳಿದು ಬಂದಿವೆ.

ಇಲಿಯ ಸಾವು ಮನುಷ್ಯರ ಸಾವಿಗೆ ಮುನ್ಸೂಚನೆ ಎಂಬುದು ಜನರಿಗೆ ಗೊತ್ತಿತ್ತು. ಶಾಸ್ತ್ರಜ್ಞರು ಒಪ್ಪಲು ಹೊತ್ತು ಹಿಡಿಯಿತು. ಫ್ರೆಂಚ್ ವೈದ್ಯ ಪಾಲ್-ಲೂಯಿ ಸಿಮೋಂದ್ 1898ರಲ್ಲಿ ಕರಾಚಿಯಲ್ಲಿ ಪ್ರಯೋಗ ಮಾಡಿ, ಸತ್ತ ಇಲಿಯ ಮೈ ಬಿಟ್ಟ ಚಿಗಟವೇ ಮನುಷ್ಯನಿಗೆ ರೋಗ ತರುತ್ತದೆಂದು ತೋರಿಸಿದರು. ಆಗ ಅವರನ್ನು ನಂಬಿದವರು ಕಡಿಮೆ. 1905ರಲ್ಲಿ ಶುರುವಾದ ಪ್ಲೇಗ್ ಸಂಶೋಧನಾ ಆಯೋಗ ಮುಂಬೈ, ಪಂಜಾಬ್‌ಗಳಲ್ಲಿ ಪ್ರಯೋಗ ನಡೆಸಿ ಅದನ್ನೇ ಸಾಬೀತು ಮಾಡಿತು. ಅಷ್ಟು ವರ್ಷ ಸರ್ಕಾರ ಗೋಡೆಗೆ ಸುಣ್ಣ ಹೊಡೆಸುತ್ತ, ಚರಂಡಿಗೆ ಔಷಧಿ ಸುರಿಸುತ್ತ ಕಳೆಯಿತು. ರೈತ ಮನೆ ಬಿಟ್ಟು ಹೋದದ್ದೇ ಸರಿಯಾದ ಉಪಾಯವಾಗಿತ್ತು.

ಸುದ್ದಿ ಕೊಟ್ಟವನಿಗೆ ಏನು ಸಿಗುತ್ತಿತ್ತು ಎಂಬುದು ಈ ಕಥೆಯ ಇನ್ನೊಂದು ಮುಖ. ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ಮುಖ ಅದೇ. 1897ರ ಫೆಬ್ರುವರಿಯಲ್ಲಿ ಬಂದ ಸಾಂಕ್ರಾಮಿಕ ರೋಗಗಳ ಕಾಯ್ದೆ ಅಧಿಕಾರಿಗಳಿಗೆ ಮಿತಿಯಿಲ್ಲದ ಅಧಿಕಾರ ಕೊಟ್ಟಿತು. ಮನೆಗೆ ನುಗ್ಗಿ ಹುಡುಕುವುದು, ರೋಗಿಯನ್ನು ಆಸ್ಪತ್ರೆಗೂ ಮನೆಯವರನ್ನು ಪ್ರತ್ಯೇಕ ಶಿಬಿರಕ್ಕೂ ಎಳೆದೊಯ್ಯುವುದು, ಸಾಮಾನು ಸುಡುವುದು ಎಲ್ಲ ಆ ಕಾಯ್ದೆಯಡಿ ನಡೆಯಿತು. ಪುಣೆಯಲ್ಲಿ ಈ ದಬ್ಬಾಳಿಕೆಯ ಸಿಟ್ಟು ಪ್ಲೇಗ್ ಕಮಿಷನರ್ ರ‍್ಯಾಂಡ್‌ನ ಮೇಲೆ 1897ರ ಜೂನ್ 22ರ ರಾತ್ರಿ ಗುಂಡಾಗಿ ಸಿಡಿಯಿತು. ಮುಂಬೈ ಇಲಾಖೆಯ ಉದ್ದಗಲಕ್ಕೂ ಜನ ರೋಗಿಗಳನ್ನು ಬಚ್ಚಿಟ್ಟರು, ಹೆಣಗಳನ್ನು ರಾತ್ರಿ ಹೊತ್ತು ಸಾಗಿಸಿದರು. ಬಾಯಿಬಿಟ್ಟರೆ ಮನೆ ಹಾಳಾಗುತ್ತದೆಂದರೆ ಯಾರು ಬಾಯಿಬಿಟ್ಟಾರು?

ಹುಬ್ಬಳ್ಳಿಯಲ್ಲಿ ಬೇರೆ ದಾರಿಯೂ ಕಂಡಿತು. ವಾಲ್ಡೆಮಾರ್ ಹಾಫ್‌ಕಿನ್ ಮುಂಬೈಯಲ್ಲಿ ತಯಾರಿಸಿದ ಲಸಿಕೆಯನ್ನು 1898ರ ಮೇಯಿಂದ ಸೆಪ್ಟೆಂಬರ್‌ವರೆಗೆ ವೈದ್ಯಾಧಿಕಾರಿ ಲ್ಯೂಮನ್ ಅವರ ಮೇಲ್ವಿಚಾರಣೆಯಲ್ಲಿ 35 ಸಾವಿರಕ್ಕೂ ಹೆಚ್ಚು ಜನರಿಗೆ ಹಾಕಲಾಯಿತು. ಜಗತ್ತಿನಲ್ಲಿ ಅಲ್ಲಿಯವರೆಗೆ ಒಂದು ಊರು ಪ್ಲೇಗಿನ ವಿರುದ್ಧ ಅಷ್ಟು ದೊಡ್ಡ ಪ್ರಮಾಣದಲ್ಲಿ ಲಸಿಕೆ ಪಡೆದ ಉದಾಹರಣೆ ಇರಲಿಲ್ಲ. ಆಮೇಲೆ ಬಂದ 1918ರ ಇನ್‌ಫ್ಲುಯೆಂಜಾಕ್ಕೆ ಇಲಿಯಂಥ ಮುನ್ಸೂಚನೆಯೂ ಇರಲಿಲ್ಲ, ಲಸಿಕೆಯೂ ಇರಲಿಲ್ಲ. ದೇಶದಲ್ಲಿ ಕೋಟಿಗೂ ಮೀರಿ ಜನ ಸತ್ತರು.

ಇಲಿಯ ಜಾಗಕ್ಕೆ ಮಂಗ ಬಂದದ್ದು 1950ರ ದಶಕದಲ್ಲಿ. ಹಾನಗಲ್ಲಿನ ಗಡಿ ದಾಟಿದರೆ ಸೊರಬ ತಾಲ್ಲೂಕು. ಅಲ್ಲಿನ ಕ್ಯಾಸನೂರು ಕಾಡಿನಲ್ಲಿ ಮುಸುವಗಳೂ ಕೋತಿಗಳೂ ಮರದಿಂದ ಬಿದ್ದು ಸಾಯತೊಡಗಿದವು. 1957ರಲ್ಲಿ ಸೌದೆಗೆ, ದರಗಿಗೆ, ದನ ಮೇಯಿಸಲು ಕಾಡಿಗೆ ಹೋಗುತ್ತಿದ್ದವರಿಗೆ ಕಡು ಜ್ವರ ಹಿಡಿಯಿತು. ಮಂಗಗಳ ಸಾವು ಕೇಳಿ, ಭಾರತಕ್ಕೆ ಹಳದಿ ಜ್ವರ ಬಂತೇನೋ ಎಂಬ ಆತಂಕದಿಂದಲೇ ಪುಣೆಯ ವೈರಸ್ ಸಂಶೋಧನಾ ಕೇಂದ್ರದ ತಜ್ಞರು ಓಡಿಬಂದರು. ಸಿಕ್ಕಿದ್ದು ಉಣುಗಿನಿಂದ ಹರಡುವ ಹೊಸ ವೈರಾಣು. ಮಲೆನಾಡಿನಲ್ಲಿ ಇಂದಿಗೂ ಸತ್ತ ಮಂಗದ ಸುದ್ದಿ ಆರೋಗ್ಯ ಕೇಂದ್ರಕ್ಕೆ ಮುಟ್ಟಿದರೆ ಸುತ್ತಲಿನ ಹಳ್ಳಿಗಳಲ್ಲಿ ಜ್ವರದವರನ್ನು ಹುಡುಕಿ ರಕ್ತ ತೆಗೆಯುವುದು ಶುರುವಾಗುತ್ತದೆ. ಮಂಗ ಸತ್ತಿದೆ ಎಂದು ಹೇಳಿದವನಿಗೆ ಯಾರೂ ಶಿಬಿರದ ಬೆದರಿಕೆ ಹಾಕುವುದಿಲ್ಲ. ಹಾಗಾಗಿ ಸುದ್ದಿ ಬರುತ್ತದೆ.

ಸರ್ಕಾರ ಇಂಥ ಸುದ್ದಿಗಳಿಗೊಂದು ಕ್ರಮ ಕಟ್ಟಿದ್ದು 2004ರಲ್ಲಿ, ಸಮಗ್ರ ರೋಗ ಕಣ್ಗಾವಲು ಯೋಜನೆಯ ಮೂಲಕ. ಅದರಲ್ಲಿ ಮೂರು ನಮೂನೆಗಳಿದ್ದವು. ಉಪಕೇಂದ್ರದ ಸಿಸ್ಟರ್ ತಾನು ಕಂಡ ಜ್ವರ, ಕೆಮ್ಮು, ವಾಂತಿಭೇದಿಯ ಲೆಕ್ಕ ಬರೆಯುವುದು ಎಸ್ ನಮೂನೆ. ವೈದ್ಯರು ಇಂಥದೇ ರೋಗವಿರಬಹುದೆಂದು ಬರೆಯುವುದು ಪಿ. ಪ್ರಯೋಗಾಲಯ ಖಚಿತಪಡಿಸುವುದು ಎಲ್. ಎಸ್ ಏರುತ್ತಿದೆಯೆಂದರೆ ಎಲ್‌ಗೆ ಕೆಲಸ ಬರಲಿದೆ ಎಂದೇ ಅರ್ಥ. ಯೋಜನೆ ಚೆನ್ನಾಗಿಯೇ ಇತ್ತು. ಆದರೆ ವಾರಕ್ಕೊಮ್ಮೆ ಕಾಗದ ತುಂಬಿ ಕಳಿಸುವುದು, ಖಾಸಗಿ ದವಾಖಾನೆಗಳ ರೋಗಿಗಳು ಲೆಕ್ಕಕ್ಕೆ ಸಿಗದಿರುವುದು ಅದರ ವೇಗವನ್ನು ಕಟ್ಟಿಹಾಕಿದವು.

ಅದೇ ವರ್ಷಗಳಲ್ಲಿ ದೂರದ ಕೆನಡಾದಲ್ಲಿ ಗುಂಥರ್ ಐಸೆನ್‌ಬಾಖ್ ಎಂಬ ಸಂಶೋಧಕ ಸರಳವಾದ ಪ್ರಯೋಗವೊಂದನ್ನು ಮಾಡಿದ. 2004-05ರ ಚಳಿಗಾಲದಲ್ಲಿ ಯಾರಾದರೂ ಫ್ಲೂ ಬಗ್ಗೆ ಗೂಗಲ್‌ನಲ್ಲಿ ಹುಡುಕಿದರೆ ಅವರಿಗೆ ಒಂದು ಸಣ್ಣ ಜಾಹೀರಾತು ಕಾಣುವಂತೆ ಮಾಡಿ, ಎಷ್ಟು ಜನ ಒತ್ತಿದರೆಂದು ಎಣಿಸಿದ. ಆ ಎಣಿಕೆ ಮುಂದಿನ ವಾರ ಪ್ರಯೋಗಾಲಯಗಳಲ್ಲಿ ಬಂದ ಫ್ಲೂ ಲೆಕ್ಕಕ್ಕೆ ಹೊಂದಿಕೊಂಡಿತು. ಜನ ವೈದ್ಯರ ಬಳಿ ಹೋಗುವ ಮುಂಚೆ ತಮ್ಮ ಕಾಯಿಲೆಯನ್ನು ಯಂತ್ರಕ್ಕೆ ಹೇಳುತ್ತಿದ್ದರು.

2008ರ ನವೆಂಬರಿನಲ್ಲಿ ಗೂಗಲ್ ತಾನೇ ಫ್ಲೂ ಟ್ರೆಂಡ್ಸ್ ಶುರುಮಾಡಿತು. 5 ಕೋಟಿ ಹುಡುಕುಪದಗಳನ್ನು ಜಾಲಾಡಿ 45 ಪದಗಳನ್ನು ಆರಿಸಿ, ಅಮೆರಿಕದ ಸರ್ಕಾರಿ ಅಂಕಿಗಿಂತ ಒಂದೆರಡು ವಾರ ಮುಂಚೆ ಫ್ಲೂ ಅಂದಾಜು ಹೇಳಿತು. 2011ರಲ್ಲಿ ಡೆಂಗಿಗೂ ಇಂಥದೊಂದು ವ್ಯವಸ್ಥೆ ಬಂತು, ಅದರಲ್ಲಿ ಭಾರತವೂ ಇತ್ತು. ಜಗತ್ತು ಮೆಚ್ಚಿಕೊಂಡಿತು. ಆದರೆ 2009ರ ಎಚ್1ಎನ್1 ಜ್ವರದ ಮೊದಲ ಅಲೆ ಅದರ ಕಣ್ಣಿಗೆ ಬೀಳಲೇ ಇಲ್ಲ, 2012-13ರ ಚಳಿಗಾಲದಲ್ಲಿ ಇದ್ದದ್ದಕ್ಕಿಂತ ಸುಮಾರು ಎರಡು ಪಟ್ಟು ಹೇಳಿತು. ಪತ್ರಿಕೆಗಳಲ್ಲಿ ಫ್ಲೂ ಸುದ್ದಿ ತುಂಬಿದಾಗ ಆರೋಗ್ಯವಾಗಿದ್ದವರೂ ಹುಡುಕುತ್ತಿದ್ದರು. 2015ರಲ್ಲಿ ಎರಡನ್ನೂ ನಿಲ್ಲಿಸಿದರು.

ಅಂಜಿದವನೂ ಜ್ವರ ಬಂದವನೂ ಹುಡುಕುವ ಪದ ಒಂದೇ. ನಮ್ಮ ದೇಶದಲ್ಲಿ ಇದು ಎದ್ದು ಕಂಡದ್ದು 2020ರಲ್ಲಿ. ಕೊರೊನಾ ಬಗೆಗಿನ ಹುಡುಕಾಟ ಶಿಖರಕ್ಕೇರಿದ್ದು ಮಾರ್ಚ್ ಕೊನೆಗೆ, ಜನತಾ ಕರ್ಫ್ಯೂ, ಲಾಕ್‌ಡೌನ್‌ಗಳ ಹೊತ್ತಿಗೆ. ಆಗ ಇಡೀ ದೇಶದ ಪ್ರಕರಣಗಳು ಕೆಲವು ನೂರು. ಸೆಪ್ಟೆಂಬರ್ ಮಧ್ಯದಲ್ಲಿ ದಿನಕ್ಕೆ 97 ಸಾವಿರ ಜನರಲ್ಲಿ ಸೋಂಕು ಪತ್ತೆಯಾಗುತ್ತಿದ್ದಾಗ ಹುಡುಕಾಟ ತಣ್ಣಗಾಗಿತ್ತು. ಹುಡುಕಾಟದ ಆ ಗೆರೆಯನ್ನೇ ನಂಬಿ ಪರೀಕ್ಷಾ ಕಿಟ್ ತರಿಸಿದ್ದರೆ ಮಾರ್ಚಿನಲ್ಲಿ ರಾಶಿ ಬಿದ್ದು ಸೆಪ್ಟೆಂಬರಿನಲ್ಲಿ ಬರಿದಾಗುತ್ತಿದ್ದವು. ಹಾಗೆಂದು ಹುಡುಕಾಟವೇ ಸುಳ್ಳೆಂದು ಬಿಡಲಾಗದು. "ಕೊರೊನಾ" ಎಂಬ ಪದ ಭಯವನ್ನು ತೋರಿಸಿದರೆ, "ವಾಸನೆ ಗೊತ್ತಾಗುತ್ತಿಲ್ಲ" ಎಂಬಂಥ ಹುಡುಕಾಟ ಮೈಯ ಅನುಭವಕ್ಕೆ ಹತ್ತಿರ. ಇಂಥ ಲಕ್ಷಣಗಳ ಹುಡುಕಾಟವನ್ನು ಗೂಗಲ್ 2020ರಲ್ಲಿ ಸಂಶೋಧಕರಿಗೆ ತೆರೆದಿಟ್ಟಿತು. ಮೊದಲು ಅಮೆರಿಕ, ಆಮೇಲೆ ಬ್ರಿಟನ್, ಐರ್ಲೆಂಡ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಸಿಂಗಪುರ. ಭಾರತ ಆ ಪಟ್ಟಿಯಲ್ಲಿರಲಿಲ್ಲ.

ಭಯದಿಂದ ಹುಟ್ಟಿದ ಬೇಡಿಕೆಯೂ ಬೇಡಿಕೆಯೇ ಎಂಬುದನ್ನು ಕರ್ನಾಟಕ ಕಣ್ಣಾರೆ ಕಂಡಿದೆ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ತೀರಿಕೊಂಡ ಮರುದಿನಗಳಲ್ಲಿ ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯ ಮುಂದೆ ಇಸಿಜಿ ಮಾಡಿಸಲು ನಿಂತ ಸಾಲು ಬೀದಿಗೆ ಬಂತು. 2025ರ ಜುಲೈಯಲ್ಲಿ ಹಾಸನದ ಹೃದಯಾಘಾತಗಳ ಸುದ್ದಿ ಮೊಬೈಲಿನಲ್ಲಿ ಹರಿದಾಡಿದಾಗ ಮೈಸೂರಿನಲ್ಲೂ ಅದೇ ಆಯಿತು. ಅಮೆರಿಕದಲ್ಲಿ ನಟ ಚಾರ್ಲಿ ಶೀನ್ ತನಗೆ ಎಚ್‌ಐವಿ ಇದೆಯೆಂದು 2015ರ ನವೆಂಬರಿನಲ್ಲಿ ಹೇಳಿಕೊಂಡ ವಾರ, ಮನೆಯಲ್ಲೇ ಮಾಡಿಕೊಳ್ಳುವ ಎಚ್‌ಐವಿ ಪರೀಕ್ಷೆಯ ಮಾರಾಟ ಸುಮಾರು ಎರಡು ಪಟ್ಟಾಯಿತು. ಗೂಗಲ್ ಹುಡುಕಾಟದ ಗೆರೆಯೂ ಮಾರಾಟದ ಗೆರೆಯೂ ಜೊತೆಜೊತೆಗೆ ಏರಿ ಇಳಿದವು. ರೋಗ ಎಷ್ಟಿದೆ ಎಂದು ಹೇಳಲಾರದ ಹುಡುಕಾಟ, ನಾಳೆ ಕೌಂಟರಿನ ಮುಂದೆ ಎಷ್ಟು ಜನ ನಿಲ್ಲುತ್ತಾರೆಂದು ಹೇಳಬಲ್ಲದು. ಪ್ರಯೋಗಾಲಯ ನಡೆಸುವವನಿಗೆ ಅದೂ ಬೇಕಾದ ಮಾಹಿತಿ.

ಇನ್ನು ನಮ್ಮ ನಾಲ್ಕು ತಾಲ್ಲೂಕುಗಳ ಮಾತು. ಗೂಗಲ್ ಟ್ರೆಂಡ್ಸ್‌ನಲ್ಲಿ ಕರ್ನಾಟಕ ಕಾಣುತ್ತದೆ, ದೊಡ್ಡ ಊರುಗಳು ಕಾಣುತ್ತವೆ. ಹುಡುಕುವವರ ಸಂಖ್ಯೆ ಕಡಿಮೆಯಿದ್ದ ಕಡೆ ಖಾಸಗಿತನ ಕಾಯಲೆಂದು ಅಂಕಿಯನ್ನೇ ತೋರಿಸುವುದಿಲ್ಲ. ಹಿರೇಕೆರೂರ ತಾಲ್ಲೂಕಿನ ಜ್ವರ ಅಲ್ಲಿ ಕಾಣದು. ಮೊಬೈಲಿನಲ್ಲಿ ಹುಡುಕಿದರೂ ಅದು ಯಾವ ಊರಿನಿಂದ ಬಂತೆಂದು ಗುರುತಿಸುವ ದಾರಿ ಹಲವು ಸಲ ದೂರದ ನಗರವನ್ನೇ ತೋರಿಸುತ್ತದೆ. ಅದಕ್ಕಿಂತ ಮುಖ್ಯವಾದದ್ದು ಮನೆಯೊಳಗಿನ ಸಂಗತಿ. ಅವ್ವನಿಗೆ ಜ್ವರ ಬಂದರೆ ಅವ್ವ ಹುಡುಕುವುದಿಲ್ಲ, ಬೆಂಗಳೂರಿನಲ್ಲೋ ಮಂಗಳೂರಿನಲ್ಲೋ ದುಡಿಯುವ ಮಗನಿಗೆ ಫೋನ್ ಮಾಡುತ್ತಾಳೆ. "ಮೂರು ದಿನಾತು ಜ್ವರ ಬಿಡವಲ್ದಪ್ಪಾ" ಎನ್ನುತ್ತಾಳೆ. ಮಗ ಅಲ್ಲಿ ಕೂತು ಹುಡುಕುತ್ತಾನೆ. ಜ್ವರ ಸವಣೂರಿನದು, ಲೆಕ್ಕ ಬೆಂಗಳೂರಿನದು.

2016ರಿಂದೀಚೆಗೆ ಡೇಟಾ ಅಗ್ಗವಾಗಿ, 2017ರಲ್ಲಿ ಗೂಗಲ್ ಕನ್ನಡದ ಮಾತನ್ನು ಕೇಳಿ ಬರೆದುಕೊಳ್ಳುವುದನ್ನು ಕಲಿತ ಮೇಲೆ, ಅಕ್ಷರ ಬಾರದವರೂ ಫೋನಿಗೆ ಬಾಯಿ ಹಚ್ಚಿ ಕೇಳುತ್ತಿದ್ದಾರೆ. ಕೆಲವರು ಕನ್ನಡದ ಮಾತನ್ನು ಇಂಗ್ಲಿಷ್ ಅಕ್ಷರದಲ್ಲಿ ಹೊಡೆಯುತ್ತಾರೆ. ಜ್ವರ, ಮೈಬಿಸಿ, ಚಳಿಜ್ವರ, ಮೈಕೈ ನೋವು, ಕೀಲುನೋವು ಎಲ್ಲ ಬೇರೆ ಬೇರೆ ರೂಪದಲ್ಲಿ ಬೀಳುತ್ತವೆ. ಇವನ್ನು ಒಟ್ಟು ಮಾಡಿ ಓದದೆ, ಇಂಗ್ಲಿಷಿನ "ಫೀವರ್" ಒಂದನ್ನೇ ಎಣಿಸಿದರೆ ಉತ್ತರ ಕರ್ನಾಟಕದ ಅರ್ಧ ಮಾತು ಕಿವಿಗೇ ಬೀಳದು.

ಆದರೂ ಈ ಸೀಮೆಯಲ್ಲಿ ಜ್ವರದ ಮೊದಲ ಸುದ್ದಿ ಹೋಗುವುದು ಔಷಧಿ ಅಂಗಡಿಗೆ. ಸಂತೆಯ ದಿನ ಕೈಚೀಲ ಹಿಡಿದ ರೈತ ಕೌಂಟರಿಗೆ ಒರಗಿ ನಿಲ್ಲುತ್ತಾನೆ. "ಅಣ್ಣಾರ, ನಿನ್ನಿಯಿಂದ ಮೈ ಬಿಸಿ ಐತ್ರಿ, ಎರಡು ಹೊತ್ತಿನ ಗುಳಗಿ ಕೊಡ್ರಿ." ಅಂಗಡಿಯವರು ಕಣ್ಣೆತ್ತದೆ ಕೇಳುತ್ತಾರೆ, "ಕೆಮ್ಮ ಐತೇನು?" "ಇಲ್ರಿ, ಬರೇ ಮೈಕೈ ನೋವು." ಕತ್ತರಿಯಿಂದ ನಾಲ್ಕು ಗುಳಗಿ ಕತ್ತರಿಸಿ ಹಳೆಯ ಪೇಪರಿನಲ್ಲಿ ಕಟ್ಟಿಕೊಡುತ್ತಾರೆ. ಚೀಟಿ ಇಲ್ಲ, ಹೆಸರು ಇಲ್ಲ. ಒಂದೇ ವಾರದಲ್ಲಿ ಇಂಥವರು ಎರಡು ಪಟ್ಟಾದರೆ ತಾಲ್ಲೂಕಿನಲ್ಲಿ ಏನೋ ನಡೆದಿದೆಯೆಂದು ಆ ಅಂಗಡಿಯವರಿಗೆ ಯಾವ ಅಧಿಕಾರಿಗಿಂತಲೂ ಮೊದಲು ಗೊತ್ತಾಗುತ್ತದೆ.

ಸರ್ಕಾರಕ್ಕೂ ಇದು ತಿಳಿದಿತ್ತು. 2020ರ ಮೇಯಲ್ಲಿ ಜ್ವರ, ನೆಗಡಿ, ಕೆಮ್ಮಿನ ಔಷಧಿ ಕೊಂಡವರ ವಿವರವನ್ನು ಅಂಗಡಿಗಳು ಸರ್ಕಾರದ ಪೋರ್ಟಲ್‌ಗೆ ಹಾಕಬೇಕೆಂದು ಕರ್ನಾಟಕ ಆದೇಶಿಸಿತು. ಏಪ್ರಿಲ್ 22ಕ್ಕೆ ಆಪ್ತಮಿತ್ರ ಸಹಾಯವಾಣಿ 14410 ಶುರುವಾಗಿತ್ತು. ಹುಬ್ಬಳ್ಳಿಯಲ್ಲಿ 2013ರಿಂದ 104 ಆರೋಗ್ಯವಾಣಿ ನಡೆಯುತ್ತಿತ್ತು. ಆಶಾ ಕಾರ್ಯಕರ್ತೆಯರು, ಬೂತ್ ಮಟ್ಟದ ಅಧಿಕಾರಿಗಳು ಮನೆಮನೆ ತಿರುಗಿ ವಯಸ್ಸಾದವರು, ಸಕ್ಕರೆ ಕಾಯಿಲೆಯವರು, ಬಸುರಿಯರು, ಜ್ವರದವರ ಪಟ್ಟಿ ಮಾಡಿದರು. ಸುಡುಬಿಸಿಲಿನಲ್ಲಿ, ತೆಳ್ಳನೆಯ ಮಾಸ್ಕೊಂದನ್ನು ಕಟ್ಟಿಕೊಂಡು ಆ ಹೆಣ್ಣುಮಕ್ಕಳು ಮಾಡಿದ ಕೆಲಸಕ್ಕೆ ಯಾವ ಯಂತ್ರವೂ ಸಾಟಿಯಾಗದು.

ಎಡವಿದ್ದು ಹಳೆಯ ಜಾಗದಲ್ಲೇ. 1897ರ ಅದೇ ಕಾಯ್ದೆಯಡಿ 2020ರ ಮಾರ್ಚ್ 11ರಂದು ರಾಜ್ಯದ ಕೋವಿಡ್ ನಿಯಮಗಳು ಬಂದವು. ಗುಳಗಿ ಕೊಂಡವನ ಹೆಸರು, ಫೋನ್ ನಂಬರು ಬರೆದುಕೊಳ್ಳಲಾಯಿತು. ಕೈಗೆ ಮುದ್ರೆ, ಬಾಗಿಲಿಗೆ ಚೀಟಿ, ಬೀದಿಗೆ ಅಡ್ಡಗಟ್ಟೆ. ಎಷ್ಟು ಜನ ಕೊಂಡರು ಎಂಬ ಎಣಿಕೆಯೊಂದೇ ಸಾಕಿತ್ತು, ಪರೀಕ್ಷಾ ತಂಡವನ್ನು ಯಾವ ಹಳ್ಳಿಗೆ ಕಳಿಸಬೇಕೆಂದು ಅದೇ ಹೇಳುತ್ತಿತ್ತು. ಯಾರು ಕೊಂಡರು ಎಂದು ಕೇಳತೊಡಗಿದ ಕೂಡಲೇ ಅಂಗಡಿಯ ಕೌಂಟರ್ ಠಾಣೆಯ ಮೆಟ್ಟಿಲಾಗುತ್ತದೆ. ಜನ ಮೊಬೈಲಿಗೆ ಮನಸ್ಸು ಬಿಚ್ಚುವುದು ಅದು ತಮ್ಮನ್ನು ಎಲ್ಲಿಗೂ ಎಳೆದೊಯ್ಯುವುದಿಲ್ಲ ಎಂಬ ನಂಬಿಕೆಯಿಂದಲೇ.

ತಪ್ಪಿಹೋದದ್ದು ಎಷ್ಟೆಂದು ನವೆಂಬರಿನಲ್ಲಿ ತಿಳಿಯಿತು. ರಾಜ್ಯ ಸರ್ಕಾರ ಸೆಪ್ಟೆಂಬರಿನಲ್ಲಿ ನಡೆಸಿದ ರಕ್ತ ಸಮೀಕ್ಷೆಯಲ್ಲಿ ಶೇ 27.3ರಷ್ಟು ಜನರಿಗೆ ಸೋಂಕು ಆಗಲೇ ಬಂದುಹೋಗಿತ್ತು ಅಥವಾ ಇತ್ತು. ಪರೀಕ್ಷೆಯಲ್ಲಿ ಪತ್ತೆಯಾದ ಒಬ್ಬರ ಹಿಂದೆ ಪತ್ತೆಯಾಗದವರು ಸುಮಾರು 40 ಜನ. ಹಳ್ಳಿಗಳಲ್ಲಿ ಸೋಂಕು ಸದ್ದಿಲ್ಲದೆ ಓಡಾಡಿತ್ತು. ಮರುವರ್ಷ ಮೇ 5ರಂದು ಒಂದೇ ದಿನ ರಾಜ್ಯದಲ್ಲಿ 50,112 ಪ್ರಕರಣಗಳು ಬಂದವು. ಆ ತಿಂಗಳು ಗೃಹ ಸಚಿವರಾಗಿದ್ದ ಬಸವರಾಜ ಬೊಮ್ಮಾಯಿ ಶಿಗ್ಗಾವಿಯ ತಮ್ಮ ಮನೆಯನ್ನೇ 50 ಹಾಸಿಗೆಗಳ ಆರೈಕೆ ಕೇಂದ್ರ ಮಾಡಿದರು. ಅಷ್ಟರಮಟ್ಟಿಗೆ ಹಾಸಿಗೆಯ ಬರ.

ಕೊರೊನಾ ಹಿಂದೆ ಸರಿದ ಮೇಲೂ ಪ್ರಶ್ನೆ ಉಳಿದೇ ಇದೆ. 2024ರ ಮಳೆಗಾಲದಲ್ಲಿ ಡೆಂಗಿ ರಾಜ್ಯವನ್ನು ಆವರಿಸಿತು. ಡೆಂಗಿ ಪತ್ತೆಯ ಎನ್‌ಎಸ್1, ಐಜಿಎಂ ಪರೀಕ್ಷೆಗಳಿಗೆ ಖಾಸಗಿಯವರು ತಲಾ 300 ರೂಪಾಯಿಗಿಂತ ಹೆಚ್ಚು ತೆಗೆದುಕೊಳ್ಳಕೂಡದೆಂದು ಸರ್ಕಾರ ದರ ಕಟ್ಟಿತು, ಸೆಪ್ಟೆಂಬರಿನಲ್ಲಿ ಡೆಂಗಿಯನ್ನು ಸಾಂಕ್ರಾಮಿಕವೆಂದು ಘೋಷಿಸಿತು. ಡೆಂಗಿ ಪರೀಕ್ಷೆಯ ಒಳಗುಟ್ಟು ತಿಳಿದರೆ ಮುಂಚಿನ ಸುದ್ದಿಯ ಬೆಲೆ ಅರ್ಥವಾಗುತ್ತದೆ. ಈ ಪರೀಕ್ಷೆ ನಡೆಯುವ ಎಲೈಸಾ ತಟ್ಟೆಯೊಂದರಲ್ಲಿ 96 ಗುಳಿಗಳಿರುತ್ತವೆ. ಎರಡು ಮೂರು ಜನರ ರಕ್ತಕ್ಕಾಗಿ ತಟ್ಟೆ ತೆರೆದರೆ ದುಬಾರಿ ಕಿಟ್ ಪೋಲಾಗುತ್ತದೆ, ಆದ್ದರಿಂದ ಮಾದರಿಗಳು ಕೂಡುವವರೆಗೆ ಕಾಯುತ್ತಾರೆ. ರೋಗಿಗೆ ಕಾಯುವ ಪುರುಸೊತ್ತಿಲ್ಲ. ಎನ್‌ಎಸ್1 ಚೆನ್ನಾಗಿ ಸಿಗುವುದು ಜ್ವರ ಬಂದ ಮೊದಲ ಐದು ದಿನ, ಆಮೇಲೆ ಐಜಿಎಂ ನೋಡಬೇಕು. ಯಾವ ಕಿಟ್, ಎಷ್ಟು, ಯಾವ ವಾರಕ್ಕೆ ಎಂಬುದು ಮೊದಲೇ ತಿಳಿದಿರಬೇಕು. ಫ್ರಿಜ್ಜಿನಲ್ಲಿಟ್ಟ ಕಿಟ್ಟಿಗೂ ಅವಧಿ ಇರುತ್ತದೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆರ್ಟ್‌ಪಾರ್ಕ್, ಆರೋಗ್ಯ ಇಲಾಖೆಯೊಡನೆ ಸೇರಿ ಡೆಂಗಿಯ ಮುನ್ಸೂಚನೆಗೆ ಕೈ ಹಾಕಿದೆ. ಮಳೆ, ಬಿಸಿಲು, ಹಿಂದಿನ ಪ್ರಕರಣಗಳನ್ನು ಲೆಕ್ಕ ಹಾಕಿ ಕೆಲವು ವಾರ ಮುಂಚೆ ಎಚ್ಚರಿಸುವ ಪ್ರಯತ್ನ ಅದು. ಅದಕ್ಕೆ ಔಷಧಿ ಅಂಗಡಿಯ ಹೆಸರಿಲ್ಲದ ಎಣಿಕೆ, 104ಕ್ಕೆ ಬಂದ ಕರೆಗಳ ತಾಲ್ಲೂಕುವಾರು ಲೆಕ್ಕ, ಕನ್ನಡದ ಜ್ವರದ ಹುಡುಕಾಟ, ಆಶಾ ಕಾರ್ಯಕರ್ತೆಯ ವಾರದ ಟಿಪ್ಪಣಿ ಸೇರಬೇಕು. ಹಾಗಾದರೆ ಮುಂಗಾರು ಹಿಡಿದ ಮೂರನೆಯ ವಾರಕ್ಕೆ ಹಾನಗಲ್ಲಿನ ತಾಲ್ಲೂಕು ಆರೋಗ್ಯಾಧಿಕಾರಿ ಜಿಲ್ಲಾ ಪ್ರಯೋಗಾಲಯಕ್ಕೆ ಫೋನ್ ಹಚ್ಚಿ, ಬರುವ ವಾರ ನಮ್ಮ ಕಡೆಯಿಂದ ಒಂದು ತಟ್ಟೆ ತುಂಬುವಷ್ಟು ರಕ್ತ ಬರುತ್ತದೆ, ಎನ್‌ಎಸ್1 ಕಿಟ್ ಈಗಲೇ ತರಿಸಿಡಿ ಎಂದು ಹೇಳಬಹುದು.